ನಳಿಗೆಯೊಳಗಿನ ಆಕಾಶ

ಅಪ್ಪ ಅದಕ್ಕೆ ಅಂಗಡಿಯಲ್ಲೇ ಹೊಲಿಗೆ ಮೆಷಿನ್ನು ಅಂತ ಹೆಸರಿಟ್ಟುಬಿಟ್ಟರು. ಅಂಗಡಿಯವನು ಬಿಳಿ ಮೀಸೆಯ, ನಿಧಾನದ ಮನುಷ್ಯ. ಆ ಸೆಮಿ ಆಟೋಮ್ಯಾಟಿಕ್ ಕೋವಿಯನ್ನು ಗೋಡೆಯಿಂದ ಇಳಿಸಿ, ನಳಿಗೆಯ ಹಿಂಬಾಗಿಲಿನಂಥ ಬೋಲ್ಟನ್ನು ಹಿಂದಕ್ಕೆಳೆದು, ಬಿಟ್ಟು ತೋರಿಸಿದ. ಟ್ರಿಗರ್ ಒಂದು ಸಲ ಎಳೆದರೆ ಒಂದೇ ಗುಂಡು, ಆದರೆ ಖಾಲಿ ತೋಟೆಯನ್ನು ತಾನೇ ಆಚೆ ಎಸೆದು ಮುಂದಿನ ತೋಟೆಯನ್ನು ತಾನೇ ಒಳಗೆ ಹಾಕಿಕೊಳ್ಳುತ್ತದೆ ಅಂತ ವಿವರಿಸಿದ. ನಾನು ಅದನ್ನು ಅಪ್ಪನಿಗೆ ಹೇಳಿದೆ. ಅಪ್ಪ ಹುಬ್ಬೇರಿಸಿ, "ತಾನೇ ತಿಂತದೆ, ತಾನೇ ಉಗೀತದೆ. ಮತ್ತೆ ನಾವು ಎಂಥಕ್ಕೆ? ಪೆಡಲ್ ತುಳೀಲಿಕ್ಕಾ?" ಅಂದರು.

ಎಂಬತ್ತರ ದಶಕದ ನಡುವಿನ ಒಂದು ಆಗಸ್ಟ್. ನಾನೂ ನನ್ನ ಗಂಡನೂ ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಇವರು ಕಂಪ್ಯೂಟರ್ ಚಿಪ್ಪಿನ ಕಂಪನಿಯಲ್ಲಿ ಎಂಜಿನಿಯರ್ರು. ನಾನು ಕೊಡಗಿನವಳು, ಇವರು ಮೈಸೂರಿನ ಮಡಿ ಮನೆಯವರು. ನನ್ನ ಮನೆಯಲ್ಲಿ ಮಗು ಹುಟ್ಟಿದರೂ ಕೋವಿ, ಮುದುಕರು ಸತ್ತರೂ ಕೋವಿ. ಇವರ ಮನೆಯಲ್ಲಿ ದೀಪಾವಳಿಯ ಪಟಾಕಿಗೂ ಊದುಬತ್ತಿಯನ್ನು ಕೋಲಿಗೆ ಕಟ್ಟಿ ದೂರದಿಂದ ಹಚ್ಚುತ್ತಿದ್ದರಂತೆ. ಹೇಗೆ ಮದುವೆಯಾಯಿತು ಅಂತ ಕೇಳಬೇಡಿ, ಆಯಿತು.

ಅಪ್ಪ ಆರು ತಿಂಗಳಿದ್ದು ಹೋಗಲು ನಮ್ಮಲ್ಲಿಗೆ ಬಂದಿದ್ದರು. ಅವ್ವ ಹೋಗಿ ಬಹಳ ವರ್ಷವಾಗಿತ್ತು; ಊರಿನಲ್ಲಿ ಅವರು ಅಣ್ಣ ಅತ್ತಿಗೆಯ ಜೊತೆ ಇರುತ್ತಿದ್ದರು. ಹುಣಸೂರಿನ ಕಾಫಿ ಕ್ಯೂರಿಂಗ್ ಕೆಲಸದಲ್ಲಿ ಮೂವತ್ತು ವರ್ಷ ಬೀಜ ವಿಂಗಡಿಸುವವರ ಮೇಲ್ವಿಚಾರಕರಾಗಿದ್ದವರು. ಮೇಜಿನ ಮೇಲೆ ಹರಡಿದ ಬೀಜದಲ್ಲಿ ಒಂದೇ ಒಂದು ಕಪ್ಪು ಬೀಜ ಇದ್ದರೂ ನಡೆದು ಹೋಗುತ್ತಲೇ ಹೆಕ್ಕಿ ತೆಗೆಯುತ್ತಿದ್ದರು. ಕಣ್ಣಿಗೆ ಕಾಣದ್ದನ್ನು ನಂಬುವ ಜಾತಿಯೇ ಅಲ್ಲ ಅವರು. ಸೆಪ್ಟೆಂಬರ್ ಎರಡನೇ ವಾರಕ್ಕೆ ಅವರ ಟಿಕೆಟ್ಟಿತ್ತು. ಅದಕ್ಕೆ ಮುಂಚೆ ನಮ್ಮ ಕೈಲ್‌ಪೊಳ್ದ್ ಬರುತ್ತದೆ. ಮನೆಯ ಕೋವಿ, ಕತ್ತಿಗಳನ್ನೆಲ್ಲ ದೇವರ ಕೋಣೆಯಲ್ಲಿಟ್ಟು, ಕೋವಿಯ ಬಾಯಿಗೆ ಕೆಂಪು ಹಳದಿಯ ಕೋವಿ ಹೂ ಸಿಕ್ಕಿಸಿ ಪೂಜೆ ಮಾಡುತ್ತೇವೆ, ಉಣ್ಣುತ್ತೇವೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುತ್ತೇವೆ. ಹನ್ನೆರಡನೇ ವರ್ಷಕ್ಕೆ ನಾನು ಅಪ್ಪನ ಜೋಡುನಳಿಗೆ ಕೋವಿಯಲ್ಲಿ ಮೊದಲನೇ ಕಾಯಿ ಒಡೆದವಳು. "ಹೋಗುವ ಮುಂಚೆ ನಿನ್ನ ಕೈಯಲ್ಲಿ ಒಂದು ಕಾಯಿ ಒಡೆಯೋದು ನೋಡ್ಬೇಕು ಕುಂಞಿ. ಆಮೇಲೆ ಇಷ್ಟು ದೂರ ಬರ್ತೇನೋ ಇಲ್ವೋ" ಅಂದಿದ್ದರು.

ಆಯ್ತು ಅಪ್ಪ ಅಂದಿದ್ದೆ. ಅಂದು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಕೂತಿದ್ದೆ.

ಯಾಕೆಂದರೆ ಅದಕ್ಕೆ ಎರಡು ವರ್ಷದ ಹಿಂದೆ ಫ್ರೀವೇಯಲ್ಲಿ ನನ್ನ ಕಾರಿಗೆ ಹಿಂದಿನಿಂದ ಒಂದು ಟ್ರಕ್ಕು ಗುದ್ದಿ, ನನ್ನ ಬಲಭುಜದ ಕಡೆಯ ಕೊರಳೆಲುಬು ಎರಡು ತುಂಡಾಗಿತ್ತು. ಪ್ಲೇಟು ಹಾಕಿ, ಸ್ಕ್ರೂ ಬಿಗಿದು ಜೋಡಿಸಿದ್ದರು. ಆ ವಾರವೇ ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆಗಿ ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿದ್ದರು. ಅವರಿಗೆ ಯಾವ ಬಾಯಲ್ಲಿ ಹೇಳುವುದು? ಎಡಗೈಯಲ್ಲಿ ವಕ್ರವಕ್ರವಾಗಿ ಕಾಗದ ಬರೆದೆ, ನನಗೇನೂ ಆಗಿಲ್ಲ, ಚೆನ್ನಾಗಿದ್ದೇನೆ, ಅಂತ. ಅಕ್ಷರ ಯಾಕೆ ಹೀಗಿದೆ ಅಂತ ಕೇಳಿದ್ದಕ್ಕೆ ಬಸ್ಸಿನಲ್ಲಿ ಕೂತು ಬರೆದೆ ಅಂದೆ. ಒಂದು ಸುಳ್ಳು ಬರೆದ ಮೇಲೆ ಮುಂದಿನ ಕಾಗದದಲ್ಲಿ ಅದನ್ನು ಸಾಕಬೇಕಲ್ಲ. "ಆರೋಗ್ಯವಾ? ನೋವುಗೀವು ಏನಾದರೂ ಇದೆಯಾ?" ಅಂತ ಅವರು ಪ್ರತೀ ಕಾಗದದ ಕೊನೆಗೆ ಕೇಳುತ್ತಿದ್ದರು. "ಏನೂ ಇಲ್ಲ" ಅಂತ ನಾನು ಪ್ರತೀ ಕಾಗದದ ಕೊನೆಗೆ ಬರೆಯುತ್ತಿದ್ದೆ. ಅವರು ಬಂದ ಮೇಲೆ ಗಾಯದ ಗುರುತು ಕಾಣದ ಹಾಗೆ ಕಾಲರ್ ಇರುವ ಅಂಗಿಗಳನ್ನೇ ಹಾಕಿಕೊಂಡು ಇಡೀ ಬೇಸಿಗೆ ಬೆವತಿದ್ದೆ.

ಡಾಕ್ಟರನ್ನು ಕೇಳಿದೆ. ಮೂಳೆ ಕೂಡಿದೆ, ಆದರೆ ಕೋವಿಯ ಒದೆತದ ವಿಷಯದಲ್ಲಿ ನಾನು ಮಾತು ಕೊಡಲಾರೆ ಅಂದರು. ಒದೆತ ಆದಷ್ಟು ಕಮ್ಮಿ ಇರುವುದನ್ನು ಹಿಡಿದು ನೋಡಿ, ನೋವಾದರೆ ಅಲ್ಲಿಗೆ ನಿಲ್ಲಿಸಿ, ಮತ್ತೆಂದೂ ಮುಟ್ಟಬೇಡಿ. ಎಂಥ ಸುಲಭದ ಮಾತು! ನೋವಾದರೆ ಎರಡು ವರ್ಷದ ಸುಳ್ಳು ಮುಖದಲ್ಲೇ ಕಾಣುತ್ತದೆ, ಅದೂ ಅಪ್ಪ ವಿಮಾನ ಹತ್ತುವ ವಾರದಲ್ಲಿ. ಹೃದಯ ಸರಿಯಿಲ್ಲದ ಮನುಷ್ಯ ಅದನ್ನು ಹೊತ್ತುಕೊಂಡು ಊರಿಗೆ ಹೋಗಬೇಕು. ಮತ್ತೆ ನನ್ನ ಪಾಲಿಗೆ ಕೋವಿ ಅನ್ನುವುದೂ ಅಲ್ಲಿಗೆ ಮುಗಿಯಿತು. ಅದಕ್ಕೇ ನನಗೆ ಹೊಲಿಗೆ ಮೆಷಿನ್ನೇ ಬೇಕಿತ್ತು. ಗುಂಡು ಹಾರಿದಾಗ ಹುಟ್ಟುವ ಗಾಳಿಯ ಒತ್ತಡದಲ್ಲಿ ಒಂದಿಷ್ಟನ್ನು ಅದು ತನ್ನ ಕೆಲಸಕ್ಕೇ ಬಳಸಿಕೊಳ್ಳುತ್ತದೆ, ಹಾಗಾಗಿ ಭುಜಕ್ಕೆ ಬೀಳುವ ಪೆಟ್ಟು ಮೆತ್ತಗಾಗುತ್ತದೆ. ಅಪ್ಪನಿಗೆ ಬೇಕಿದ್ದದ್ದು ಜೋಡುನಳಿಗೆ.

ಜೋಡುನಳಿಗೆ ಯಾಕೆ ಬೇಕು ಅಂತ ನನಗೆ ಗೊತ್ತಿತ್ತು. ನಡು ಮುರಿದು ಬಾಗಿಸಿದರೆ ಅದರ ಎರಡು ನಳಿಗೆಯೂ ಪೂರ್ತಿ ತೆರೆದುಕೊಳ್ಳುತ್ತವೆ. ನಾನು ಚಿಕ್ಕವಳಿದ್ದಾಗ ತೋಟೆ ಹಾಕುವ ಮುಂಚೆ ಅಪ್ಪ ಅದನ್ನು ಹಾಗೆ ತೆರೆದು, ಹಿಂದಿನಿಂದ ನೋಡಲು ಹೇಳುತ್ತಿದ್ದರು. "ಆಕಾಶ ಕಾಣ್ತದಾ?" ಕಾಣ್ತದೆ ಅಂದರೆ ಮಾತ್ರ ತೋಟೆ ಕೈಗೆ ಬರುತ್ತಿತ್ತು. ನಳಿಗೆಯೊಳಗೆ ಕಣಜ ಗೂಡು ಕಟ್ಟಿರಬಹುದು, ಮಣ್ಣು ಮೆತ್ತಿರಬಹುದು. ನಳಿಗೆ ಕಟ್ಟಿಕೊಂಡಿದ್ದರೆ ಗುಂಡಿಗೆ ದಾರಿ ಇಲ್ಲ, ಕೋವಿಯೇ ಸಿಡಿಯುತ್ತದೆ. ನಮ್ಮ ಪಕ್ಕದ ಊರಿನ ಒಬ್ಬರಿಗೆ ಎಡಗೈಯಲ್ಲಿ ಎರಡೇ ಬೆರಳಿದ್ದವು.

ಅಂಗಡಿಯಲ್ಲಿ ಮೊದಲು ಅಪ್ಪನ ಮನಸ್ಸಿಗಾಗಿ ಒಂದು ಜೋಡುನಳಿಗೆಯನ್ನೇ ಎತ್ತಿ ಭುಜಕ್ಕಿಟ್ಟೆ. ಅದರ ಹಿಂಬದಿಗೆ ತೆಳ್ಳಗಿನ ಗಟ್ಟಿ ತಗಡು. ಅದು ಸರಿಯಾಗಿ ಪ್ಲೇಟಿನ ಮೇಲೆ ಕೂತಿತು, ಅಯ್ಯಮ್ಮಾ! ಬಾಯಿಂದ ಸ್ಸ್ ಅಂತ ಬಂದೇಬಿಟ್ಟಿತು.

"ಎಂಥ ಆಯ್ತು?" ಅಪ್ಪ ಕೇಳಿದರು.

"ಸೊಳ್ಳೆ."

"ಅಂಗಡಿಯೊಳಗೆ?"

"ಅಮೆರಿಕದ ಸೊಳ್ಳೆಗೆ ಅಂಗಡಿ ಮನೆ ಅಂತ ಇಲ್ಲ ಅಪ್ಪ."

ನನ್ನ ಗಂಡ ಅಷ್ಟರಲ್ಲಿ, "ಮಾವ, ಅವಳಿಗೆ ಒದೆತ ಕಮ್ಮಿ ಇರೋದೇ ಆಗ್ಬೇಕು, ಯಾಕೇಂದ್ರೆ ಆ ಭುಜ..." ಅಂತ ಶುರು ಮಾಡಿದರು. ನಾನು ಅವರ ಕಾಲು ತುಳಿದೆ. ಪಾಪ, ಸುಳ್ಳು ಹೇಳಲು ಬಾರದ ಮನುಷ್ಯ. ಹೇಳಿಕೊಟ್ಟರೂ ಮರೆತುಹೋಗುತ್ತದೆ.

ಸೆಮಿ ಆಟೋಮ್ಯಾಟಿಕ್ಕಿನಲ್ಲಿ ಅಂಗಡಿಯವನು ಎರಡನ್ನು ಮುಂದಿಟ್ಟ. ಒಂದು ದೊಡ್ಡ ಬಾಯಿಯದು, ತೂಕದ್ದು. ಇನ್ನೊಂದು ಅದಕ್ಕಿಂತ ಸಣ್ಣ ಬಾಯಿಯದು, ಹಗುರ. ಹಗುರದ್ದು ತಾನೇ ಮೆತ್ತಗಿರುವುದು ಅಂದುಕೊಂಡು ಅದಕ್ಕೆ ಕೈ ಹಾಕಿದೆ. ಇವರು ಅಂಗಡಿಯವನ ಪೆನ್ನನ್ನೇ ಇಸಿದುಕೊಂಡು ಕಾಗದದ ಚೀಲದ ಮೇಲೆ ಏನೇನೋ ಲೆಕ್ಕ ಬರೆದು, "ಉಲ್ಟಾ ಕಣೇ. ಕೋವಿ ಭಾರ ಇದ್ದಷ್ಟೂ ಒದೆತ ಕಮ್ಮಿ" ಅಂದರು. ಲೆಕ್ಕ ನೋಡಿ ಅಂಗಡಿಯವನೂ ತಲೆಯಾಡಿಸಿದ. ಸರಿ, ಭಾರದ್ದನ್ನು ಎತ್ತಿದೆ. ಐದನೇ ಸಲ ಭುಜಕ್ಕೆ ಏರಿಸುವಾಗ ನನ್ನ ತೋಳು ನಡುಗಿತು. ಆಪರೇಷನ್ ಆದ ಮೇಲೆ ಆ ತೋಳಿಗೆ ಮೊದಲಿನ ಕಸುವು ಬಂದೇ ಇರಲಿಲ್ಲ. ಒದೆಯದ ಕೋವಿ ಸಿಕ್ಕಿತು, ಆದರೆ ಅದನ್ನು ಎತ್ತಿ ಹಿಡಿಯುವವರು ಯಾರು? ಆ ದಿನ ಬರಿಗೈಯಲ್ಲಿ ಬಂದೆವು.

ಮುಂದಿನ ಶನಿವಾರ ಮತ್ತೆ ಹೋದೆವು. ಅಂಗಡಿಯವನು ನನ್ನನ್ನು ಒಂದು ನಿಮಿಷ ನೋಡಿ, ಹಗುರದ್ದರ ಹಿಂಬದಿಯನ್ನು ನನ್ನ ಮೊಣಕೈಯ ಮಡಿಕೆಗೆ ಒತ್ತಿ ಹಿಡಿದ. ನನ್ನ ಬೆರಳು ಟ್ರಿಗರಿನವರೆಗೆ ಹೋಗುತ್ತಲೇ ಇರಲಿಲ್ಲ. ಭುಜಕ್ಕಿಡುವ ಈ ಮರ ಗಂಡಸರ ಅಳತೆಯದು, ಅದಕ್ಕೇ ನಿನಗೆ ಎಲ್ಲಿಡಬೇಕೋ ಅಲ್ಲಿ ಕೂರುತ್ತಿಲ್ಲ, ಮೂಳೆಯ ಮೇಲೆ ಹತ್ತುತ್ತಿದೆ ಅಂದ. ಹಿಂಬದಿಯ ಮರವನ್ನು ಒಂದು ಬೆರಳಗಲ ಕತ್ತರಿಸಿ, ದಪ್ಪ ರಬ್ಬರಿನ ಪಟ್ಟಿ ಹಾಕಿ ಕೊಡುತ್ತೇನೆ, ಹಗುರದ ತೋಟೆಯನ್ನೇ ಬಳಸು ಅಂದ. ಮರ ಕತ್ತರಿಸುವ ಮಾತು ಕೇಳಿದ್ದೇ ಅಪ್ಪನ ಮುಖ ಸ್ವಲ್ಪ ಸಡಿಲವಾಯಿತು. ಅದು ಅವರಿಗೆ ಅರ್ಥವಾಗುವ ಕೆಲಸ. ಆದರೂ ಪಟ್ಟು ಬಿಡಲಿಲ್ಲ.

"ಮೂರು ತೋಟೆ ತುಂಬಿಸಬಹುದು ಅಪ್ಪ ಇದರಲ್ಲಿ" ಅಂತ ಇಲ್ಲದ ಕಾರಣ ಕೊಟ್ಟೆ.

"ಎಷ್ಟು ತೆಂಗಿನಕಾಯಿ ಉಂಟು ನಿನಗೆ ಹೊಡೀಲಿಕ್ಕೆ?"

"ಒಂದೇ. ತಪ್ಪಿದರೆ?"

"ನನ್ನ ಮಗಳು ತಪ್ಪೋದಾ!" ಅಂದರು. ಆಮೇಲೆ ಕೋವಿಯನ್ನು ಅಡ್ಡಡ್ಡ ಹಿಡಿದು ಎಲ್ಲಾ ಕಡೆ ನೋಡಿ ಕೇಳಿದರು, "ಇದರಲ್ಲಿ ಆಕಾಶ ಎಲ್ಲಿ ಕಾಣ್ತದೆ? ಹಿಂದಿನಿಂದ ನೋಡ್ಲಿಕ್ಕೆ ಜಾಗವೇ ಇಲ್ಲ. ಮುಂದಿನಿಂದ ನೋಡ್ಬಾರದು, ಕೋವಿಯ ಬಾಯಿಗೆ ಕಣ್ಣು ಕೊಡಬಾರದು."

ಇದನ್ನು ಇಂಗ್ಲಿಷಿನಲ್ಲಿ ಹೇಳಲು ನನಗೆ ನಾಚಿಕೆಯಾಯಿತು, ಆದರೂ ಹೇಳಿದೆ. ಅಂಗಡಿಯವನು ನಗಲಿಲ್ಲ. ಬೋಲ್ಟು ತೆರೆದು, ಮುಂದಿನ ಒಂದು ತಿರುಗಣೆಯ ಮುಚ್ಚಳ ಬಿಚ್ಚಿ, ನಳಿಗೆಯನ್ನು ಪೂರ್ತಿ ಕಳಚಿ ಅಪ್ಪನ ಕೈಗೆ ಕೊಟ್ಟ. ಅರ್ಧ ನಿಮಿಷದ ಕೆಲಸ. ಅಪ್ಪ ಅದನ್ನು ಅಂಗಡಿಯ ಟ್ಯೂಬ್‌ಲೈಟಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಹ್ಞೂಂ. ಆದರೆ ಪ್ರತೀ ಸಲ."

"ಪ್ರತೀ ಸಲ ಬಿಚ್ಚೋದಾ ಅಪ್ಪ?"

"ಪ್ರತೀ ಸಲ."

ಆಯ್ತು ಅಂದೆ. ಅದೇ ಒಪ್ಪಂದದ ಮೇಲೆ ಹೊಲಿಗೆ ಮೆಷಿನ್ನು ನಮ್ಮದಾಯಿತು. ಅಂಗಡಿಯವನಿಗೆ ತೆಂಗಿನಕಾಯಿಯ ವಿಷಯ ಹೇಳಿದೆ. ಪ್ರತಿ ಭಾನುವಾರ ನಾನು ಲಿವರ್‌ಮೋರ್ ಆಚೆಯ ಗುಡ್ಡದಲ್ಲಿ ಗುಂಡು ಹೊಡೆಯುವ ರೇಂಜಿನಲ್ಲಿ ಮೇಲ್ವಿಚಾರಣೆಗೆ ಇರುತ್ತೇನೆ, ಕೊನೆಯ ಕಂಬದ ಮೇಲೆ ಇಟ್ಟು ಹೊಡೆಯಿರಿ ಅಂದ. ಆಮೇಲೆ ತಡೆಯಲಾಗದೆ, ಆ ಕಾಯಿ ನಿಮಗೇನು ಮಾಡಿತ್ತು ಅಂತ ಕೇಳಿದ.

ಮರ ಕತ್ತರಿಸಿ ಕೋವಿ ಮನೆಗೆ ಬಂದದ್ದೇ ಅಪ್ಪ ಅಡಿಗೆ ಮನೆಯ ಮೇಜು ಹಿಡಿದರು. ನಾನು ಕೆಲಸದಿಂದ ಬರುವಷ್ಟರಲ್ಲಿ ದಿನಕ್ಕೆ ಹತ್ತು ಸಲವಾದರೂ ಅದರ ನಳಿಗೆ ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ಮಾಡುತ್ತಿದ್ದರು. ಬೈಯುತ್ತಲೇ ಅದಕ್ಕೆ ಎಣ್ಣೆ ಹಚ್ಚುವರು. ವಿಶ್ರಾಂತಿಯಲ್ಲಿರುವ ಕೋವಿಯ ಬೋಲ್ಟು ಯಾವಾಗಲೂ ಹಿಂದಕ್ಕೆ ತೆರೆದೇ ಇರಬೇಕು, ಒಳಗೆ ಏನೂ ಇಲ್ಲ ಅಂತ ಯಾರಿಗೂ ಕಾಣುವ ಹಾಗೆ, ಅಂತ ಅಂಗಡಿಯವನು ಹೇಳಿದ್ದು ಅವರಿಗೆ ತುಂಬಾ ಹಿಡಿಸಿತ್ತು. ನಾನು ತೋಟೆಯಿಲ್ಲದೆ ದಿನವೂ ಭುಜಕ್ಕೆ ಏರಿಸಿ ಇಳಿಸಿ ಅಭ್ಯಾಸ ಮಾಡಿದೆ. ಏರಿಸುವಾಗ ನೋವಿರಲಿಲ್ಲ. ಒದ್ದಾಗ ಏನಾಗುತ್ತದೆ ಅನ್ನುವುದೇ ಪ್ರಶ್ನೆ.

ಹಬ್ಬವನ್ನು ಭಾನುವಾರಕ್ಕೆ ಇಟ್ಟುಕೊಂಡೆವು. ಬೆಳಿಗ್ಗೆ ನಾನೂ ಅಪ್ಪನೂ ಅಡಿಗೆ ಮನೆಯಲ್ಲಿ, ನಾನು ಪಂದಿ ಕರಿಗೆ, ಅವರು ಕಡಂಬುಟ್ಟಿನ ಅಕ್ಕಿ ಉಂಡೆ ಕಟ್ಟುವುದಕ್ಕೆ. ಹಂದಿ ಮಾಂಸದ ವಾಸನೆಗೆ ಇವರು ಎಲ್ಲಾ ಕಿಟಕಿ ತೆರೆದು, ಸ್ನಾನ ಮಾಡಿ, ಪಂಚೆ ಉಟ್ಟು, "ಪೂಜೆ ನಾನು ಮಾಡ್ತೀನಿ. ನಿಮ್ಮಲ್ಲಿ ಮಂತ್ರ ಇಲ್ವಲ್ಲ, ನಮ್ದು ಒಂಚೂರು ಸೇರಿಸಿದ್ರೆ ಏನು ಹೋಗತ್ತೆ?" ಅಂದರು. ನವರಾತ್ರಿಯಲ್ಲಿ ಕಾರಿಗೆ, ಸ್ಕ್ರೂ ಡ್ರೈವರಿಗೆ, ನನ್ನ ಮಿಕ್ಸಿಗೆ ಕೂಡ ಪೂಜೆ ಮಾಡುವವರು. ಕೋವಿಯೆಂದರೆ ಮೈಲಿ ದೂರ ನಿಲ್ಲುತ್ತಿದ್ದವರು ತಾವಾಗಿ ಮುಂದೆ ಬಂದದ್ದು ನನಗೆ ಖುಷಿಯೇ ಆಯಿತು. ಅಪ್ಪನೂ, "ಮಾಡಿ ಎಂಜಿನಿಯರ್ರೇ, ದೇವರಿಗೆ ಎರಡು ಭಾಷೆಯೂ ಬರ್ತದೆ" ಅಂದರು. ಕೋವಿ ಹೂವಂತೂ ಸಿಗುವುದಿಲ್ಲ. ಅಪಾರ್ಟ್‌ಮೆಂಟಿನ ಹಿಂದಿನ ಬೇಲಿಯ ಬಳ್ಳಿಯಲ್ಲಿ ಅದಕ್ಕೆ ಹತ್ತಿರದ ಕಿತ್ತಳೆ ಬಣ್ಣದ ಹೂ ಬಿಡುತ್ತಿತ್ತು, ಅದನ್ನೇ ಒಂದು ಹಿಡಿ ಕಿತ್ತು ಕೊಟ್ಟೆ.

ನಮ್ಮ ದೇವರ ಕೋಣೆ ಅಂದರೆ ಬಟ್ಟೆ ಇಡುವ ಕ್ಲಾಸೆಟ್ಟು. ಅದರ ಮೂಲೆಯಲ್ಲಿ ಕೋವಿಯನ್ನು ಬಾಯಿ ಮೇಲಾಗಿ ನಿಲ್ಲಿಸಿ, ಗಂಧ ಕುಂಕುಮ ಹಚ್ಚಿ, ಬಾಯಲ್ಲಿ ಹೂ ನೆಟ್ಟಗೆ ನಿಲ್ಲಿಸಿದ್ದರು. ನಾವಿಬ್ಬರೂ ಮಂಗಳಾರತಿಗೆ ಬಂದು ಕೈಮುಗಿದೆವು. ಇವರು ನಮ್ಮಿಬ್ಬರ ಕೈಗೂ ಅರಿಶಿನದ ಅಕ್ಷತೆ ಕೊಟ್ಟರು, ಮೂವರೂ ಕೋವಿಯ ಮೇಲೆ ಹಾಕಿದೆವು. ಚೆನ್ನಾಗಿ ಕಾಣುತ್ತಿತ್ತು. ಹೂ ಅಷ್ಟು ನೆಟ್ಟಗೆ ಹೇಗೆ ನಿಂತಿತು ಅಂತ ನಾನು ಕೇಳಲೇ ಇಲ್ಲ.

ಊಟವಾಯಿತು. ಇವರು ಮೊಸರನ್ನದ ತಟ್ಟೆ ಹಿಡಿದು ಕಿಟಕಿಯ ಹತ್ತಿರ ಕೂತರು. ಹೊರಡುವ ಗಡಿಬಿಡಿಯಲ್ಲಿ ನಾನೇ ಹೂವನ್ನು ಕಿತ್ತು ದೇವರ ಮುಂದಿಟ್ಟೆ. ತೊಟ್ಟಿನ ತುದಿ ಅಂಟಂಟಾಗಿತ್ತು. ಹೂವಿನ ರಸ ಇರಬೇಕು ಅಂತ ಬೆರಳನ್ನು ಜೀನ್ಸಿಗೆ ಒರೆಸಿಕೊಂಡೆ. ಕೋವಿಯನ್ನು ಬಟ್ಟೆಯಿಂದ ಒರೆಸಿ ಪೆಟ್ಟಿಗೆಗೆ ಹಾಕಿದೆ. ಹಿಂದಿನ ದಿನ ಅಪ್ಪನೇ ನಳಿಗೆ ಬಿಚ್ಚಿ ನೋಡಿದ್ದರು, ಆಕಾಶ ಕಂಡಿತ್ತು. ನನ್ನ ತಲೆಯಲ್ಲಿ ಭುಜ ಬಿಟ್ಟರೆ ಬೇರೆ ಏನೂ ಇರಲಿಲ್ಲ.

ಸೆಪ್ಟೆಂಬರಿನಲ್ಲಿ ಲಿವರ್‌ಮೋರಿನ ಗುಡ್ಡಗಳಲ್ಲಿ ಹಸಿರಿನ ಸುಳಿವೂ ಇರುವುದಿಲ್ಲ, ಬರೀ ಒಣಹುಲ್ಲು. ಅಂಗಡಿಯವನು ಕಾಯುತ್ತಿದ್ದ. ತೆಂಗಿನಕಾಯಿಯನ್ನು ತಾನೇ ಕೊನೆಯ ಕಂಬದ ಮೇಲೆ ಇಟ್ಟು ಬಂದ. ಅಪ್ಪ ಕೋಟು ಹಾಕಿಕೊಂಡು ಬಂದಿದ್ದರು, ನನ್ನ ಹಿಂದೆ ಕೈಕಟ್ಟಿ ನಿಂತರು. ಇವರು ಅವರ ಪಕ್ಕದಲ್ಲಿ ಕಿವಿಗೆ ಎರಡೆರಡು ಮುಚ್ಚಿಗೆ ಹಾಕಿಕೊಂಡು ನಿಂತರು.

"ಕುಂಞಿ, ನಳಿಗೆ" ಅಂದರು ಅಪ್ಪ.

"ನಿನ್ನೆ ನೋಡಿದೆವಲ್ಲ ಅಪ್ಪ! ಪೂಜೆಯ ಕೋಣೆಯಲ್ಲಿ ಕಣಜ ಬರ್ತದಾ?" ಅಂತ ರೇಗಿದೆ. ನಿಜ ಹೇಳಬೇಕೆಂದರೆ ಹೆದರಿಕೆಗೆ, ಬೇಗ ಮುಗಿದುಹೋಗಲಿ ಅನ್ನಿಸಿತ್ತು. ಅಪ್ಪ ಮತ್ತೆ ಬಾಯಿ ತೆರೆಯುವ ಮುಂಚೆ ಒಂದು ತೋಟೆಯನ್ನು ಪಕ್ಕದ ಕಿಂಡಿಯಲ್ಲಿ ಹಾಕಿ ಗುಂಡಿ ಒತ್ತಿದೆ. ಬೋಲ್ಟು ಮುಂದಕ್ಕೆ ಓಡಿ, ಪೂರ್ತಿ ಮುಚ್ಚದೆ ಕೂದಲೆಳೆಯಷ್ಟು ಹಿಂದೆಯೇ ನಿಂತಿತು. ಅಂಗೈಯಿಂದ ತಳ್ಳಿದೆ. ಊಹೂಂ. ಟ್ರಿಗರ್ ಎಳೆದರೂ ಏನೂ ಆಗಲಿಲ್ಲ.

ಪಿತ್ತ ನೆತ್ತಿಗೇರಿತು ನನಗೆ. ತಿರುಗಿ ಅಂಗಡಿಯವನನ್ನು, ಇದೇನು ನೀನು ಕೊಟ್ಟ ಕೋವಿ ಅಂತ ಕೇಳಿದೆ. ಮರ ಕತ್ತರಿಸುವಾಗ ಏನೋ ಕೆಡಿಸಿದ್ದೀಯ ಅಂತಲೂ ಅಂದೆ. ಇನ್ನೇನು ಮತ್ತೊಮ್ಮೆ ಜೋರಾಗಿ ಗುದ್ದಬೇಕು, ಅಪ್ಪ ನನ್ನ ಮಣಿಕಟ್ಟು ಹಿಡಿದರು. "ಬಿಡು. ಬೇಡ ಅಂತದೆ ಅದು" ಅಂದರು. ಅಂಗಡಿಯವನು ಕೋವಿಯನ್ನು ಗುಡ್ಡದ ಕಡೆಗೇ ಮುಖ ಮಾಡಿಸಿ ಇಸಿದುಕೊಂಡು, ತೋಟೆ ತೆಗೆದು, ಮುಚ್ಚಳ ಬಿಚ್ಚಿ, ನಳಿಗೆ ಕಳಚಿದ. ಬೋಲ್ಟು ಕೂರುವ ಗೂಡಿನಿಂದ ಚಾಕುವಿನ ತುದಿಯಲ್ಲಿ ಏನನ್ನೋ ಎಬ್ಬಿಸಿ ಅಂಗೈ ಮೇಲೆ ಇಟ್ಟುಕೊಂಡ. ಹಳದಿ ಬಣ್ಣದ ಅಕ್ಕಿಕಾಳು. ಒಂದು ಮುರಿದಿತ್ತು, ಎರಡು ಇಡಿಯಾಗಿದ್ದವು.

ಅಕ್ಷತೆ! ಬೋಲ್ಟು ತೆರೆದಿಟ್ಟ ಕೋವಿಯ ಮೇಲೆ ಮೂವರೂ ಭಕ್ತಿಯಿಂದ ಹಾಕಿದ್ದ ಅಕ್ಷತೆ ಕಿಂಡಿಯೊಳಗೆ ಹೋಗಿ ಕೂತಿತ್ತು. ನನಗೆ ನಗು ಬಂತು. ಇವರೂ ನಕ್ಕರು. ಅಂಗಡಿಯವನು ಮೂವತ್ತು ವರ್ಷದಲ್ಲಿ ಕೋವಿಯೊಳಗೆ ಮರಳು ನೋಡಿದ್ದೇನೆ, ಜೇಡ ನೋಡಿದ್ದೇನೆ, ಅಕ್ಕಿ ಇದೇ ಮೊದಲು ಅಂದ. ಅಪ್ಪ ಮಾತ್ರ ನಗಲಿಲ್ಲ. ಅವರು ಅಷ್ಟರಲ್ಲಿ ಕಳಚಿದ ನಳಿಗೆಯನ್ನು ಕೈಗೆ ತೆಗೆದುಕೊಂಡು, ಹಿಂದಿನ ತುದಿಯನ್ನು ಕಣ್ಣಿಗೆ ಹಿಡಿದು ಆಕಾಶಕ್ಕೆ ಎತ್ತಿದ್ದರು. ಹಾಗೇ ನಿಂತರು. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದರು.

"ಕತ್ತಲೆ ಉಂಟು" ಅಂದರು.

ಅಂಗಡಿಯವನು ನಳಿಗೆಯನ್ನು ನೋಡಿ, ಒಂದು ಮರದ ಸರಳು ತಂದು ಹಿಂದಿನಿಂದ ತಳ್ಳಿದ. ಬಾಯಿಯಿಂದ ಬೆರಳುದ್ದದ ಏನೋ ಒಂದು ಮೆತ್ತಗೆ, ಕಪ್ಪಾಗಿ ಹೊರಬಂದು ಒಣಹುಲ್ಲಿನ ಮೇಲೆ ಬಿತ್ತು. ಬಾಳೆಹಣ್ಣು.

ನಾನು ಇವರ ಕಡೆ ತಿರುಗಿದೆ. ಇವರ ಮುಖ ಬಿಳಿಚಿಕೊಂಡಿತ್ತು. "ಹೂವಿನ ತೊಟ್ಟು ನಿಲ್ತಾನೇ ಇರ್ಲಿಲ್ಲ ಕಣೇ, ಬಾಯಿ ಅಗಲ... ಮನೇಲಿ ಊದುಬತ್ತಿ ಬಾಳೆಹಣ್ಣಿಗೆ ಚುಚ್ಚಲ್ವಾ, ಹಾಗೆ... ಸುಲಿದ ಹಣ್ಣನ್ನ ಬಾಯೊಳಗೆ ಒತ್ತಿದೆ, ಬಿರಡೆ ಥರ ಸರಿಯಾಗಿ ಕೂತ್ಕೊಳ್ತು. ಹೂವಿನ ಜೊತೆ ನೀನು ಅದನ್ನೂ ಪ್ರಸಾದ ಅಂತ ತೆಗೆದಿಟ್ಟಿದ್ದೀಯ ಅಂದ್ಕೊಂಡೆ" ಅಂದರು.

ಬೈದೆ. ಎಷ್ಟು ಬೈದೆ ಅಂದರೆ, ಪಕ್ಕದ ಕಂಬಗಳಲ್ಲಿ ಹೊಡೆಯುತ್ತಿದ್ದವರು ಕಿವಿಯ ಮುಚ್ಚಿಗೆ ತೆಗೆದು ನೋಡಿದರು. ಮೈಸೂರಿನ ಮಡಿಯಿಂದ ಹಿಡಿದು ಎಂಜಿನಿಯರಿಂಗ್ ಕಾಲೇಜಿನವರೆಗೆ ಯಾವುದನ್ನೂ ಬಿಡಲಿಲ್ಲ. ಬೈಯುತ್ತಿರುವಾಗಲೇ ಬೆರಳಿನ ಆ ಅಂಟು ನೆನಪಾಯಿತು. ಹೂ ಕಿತ್ತವಳು ನಾನು. ಒರೆಸಿಕೊಂಡವಳು ನಾನು. ನಳಿಗೆ ನೋಡು ಅಂದ ಅಪ್ಪನ ಮೇಲೆ ರೇಗಿದವಳೂ ನಾನೇ. ಅಂಗಡಿಯವನು ಮೆಲ್ಲಗೆ ತನ್ನ ಎಡಗೈಯನ್ನು ಎತ್ತಿ, ನಾನು ಹಿಡಿಯುವ ಜಾಗ ತೋರಿಸಿ, ಇದು ಇರುತ್ತಿರಲಿಲ್ಲ, ಮುಖದ ವಿಷಯ ಗೊತ್ತಿಲ್ಲ ಅಂದ. ಮೂರು ಅಕ್ಕಿಕಾಳು ಅಡ್ಡ ನಿಲ್ಲದೆ ಹೋಗಿದ್ದರೆ! ಬಾಯಿ ಅಲ್ಲೇ ನಿಂತುಹೋಯಿತು.

ನಾನು ಸುಮ್ಮನಾದ ಆ ಜಾಗದಲ್ಲಿ ಇವರು ಅಳುವ ದನಿಯಲ್ಲಿ, "ನಂಗೆ ಅವಳ ಭುಜದ್ದೇ ಹೆದರಿಕೆ ಇತ್ತು ಮಾವ, ಅದಕ್ಕೇ ಅಷ್ಟೊಂದು ಪೂಜೆ ಮಾಡಿದ್ದು. ಪ್ಲೇಟು ಹಾಕಿರೋ ಭುಜ, ಮತ್ತೆ ಮುರಿದ್ರೆ ಏನು ಗತಿ ಅಂತ ದೇವರನ್ನ..." ಅಂದರು. ಅಂದ ಮೇಲೆ ಕೈಯಿಂದ ಬಾಯಿ ಮುಚ್ಚಿಕೊಂಡರು.

ಅಪ್ಪ ನನ್ನನ್ನು ನೋಡಿದರು. "ಯಾವಾಗ?"

"ನೀವು ಮೈಸೂರಿನ ಆಸ್ಪತ್ರೆಯಲ್ಲಿದ್ದಿರಲ್ಲ, ಆಗ."

"ಬಸ್ಸಿನಲ್ಲಿ ಕೂತು ಬರೆದೆ ಅಂದೆಯಲ್ಲ, ಆ ಕಾಗದ?"

"ಎಡಗೈಯಲ್ಲಿ ಬರೆದೆ ಅಪ್ಪ."

ಅವರ ಎದೆಗೆ ಏನಾದರೂ ಆದರೆ ಅಂತ ನಾನು ಅವರ ಮುಖವನ್ನೇ ನೋಡುತ್ತಾ ನಿಂತೆ. ಅವರು ಕೋಟಿನ ಜೇಬಿನಿಂದ ಕರವಸ್ತ್ರ ತೆಗೆದು, ಮರದ ಸರಳಿಗೆ ಸುತ್ತಿ, ನಳಿಗೆಯೊಳಗೆ ನಾಲ್ಕಾರು ಸಲ ಎಳೆದು ಒರೆಸಿದರು. ಆಕಾಶಕ್ಕೆ ಹಿಡಿದು ನೋಡಿದರು. ಆಮೇಲೆ ಅಡಿಗೆ ಮನೆಯ ಮೇಜಿನ ಮೇಲೆ ಕಲಿತದ್ದನ್ನು ಮರೆಯದೆ, ನಳಿಗೆ ಕೂರಿಸಿ, ಮುಚ್ಚಳ ತಿರುಗಿಸಿ, ಬೋಲ್ಟು ಎಳೆದು ಬಿಟ್ಟು, ಮತ್ತೆ ಎಳೆದರು. ಅಂಗಡಿಯವನು ತಲೆಯಾಡಿಸಿದ.

ಬಂದು ನನ್ನ ಎದುರು ನಿಂತು, ಕಾಲರಿನ ಬದಿಯಲ್ಲಿ ಎರಡು ಬೆರಳಿಟ್ಟು ಮೂಳೆಯ ಉದ್ದಕ್ಕೂ ತಡವಿದರು. ಉಬ್ಬು ಸಿಕ್ಕಿತು. ಬೆರಳು ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅದರಿಂದ ಕೆಳಗೆ, ಒಳಕ್ಕೆ, ತೋಳು ಸೇರುವ ಮೆತ್ತನೆಯ ಜಾಗದಲ್ಲಿ ಹೆಬ್ಬೆರಳು ಒತ್ತಿ, "ಇಲ್ಲಿ. ಮೂಳೆಯ ಮೇಲೆ ಅಲ್ಲ" ಅಂದರು. ಹನ್ನೆರಡು ವರ್ಷದವಳಿಗೂ ಅದೇ ಜಾಗ ತೋರಿಸಿದ್ದರು. ಕೋವಿ ಕೈಗೆ ಕೊಟ್ಟು ರಬ್ಬರಿನ ಪಟ್ಟಿಯನ್ನು ತಾವೇ ಅಲ್ಲಿ ಕೂರಿಸಿದರು.

"ಆಕಾಶ ಕಾಣ್ತದೆ. ಹೊಡಿ."

ತೋಟೆ ಹಾಕಿದೆ. ಬೋಲ್ಟು ಪೂರ್ತಿ ಮುಚ್ಚಿತು. ಹೊಡೆದೆ. ಕೋವಿ ನನ್ನನ್ನು ಹಿಂದಕ್ಕೆ ತಳ್ಳಿತು, ಅಷ್ಟೇ, ಒದೆಯಲಿಲ್ಲ. ಖಾಲಿ ತೋಟೆ ಬಲಗಡೆ ಹಾರಿ ಬಿತ್ತು. ಕಂಬದ ಮೇಲೆ ತೆಂಗಿನಕಾಯಿ ಇರಲಿಲ್ಲ. ಇವರು ಯಾವ ದೇವರ ಹೆಸರನ್ನೋ ಜೋರಾಗಿ ಕೂಗಿದರು. ನಾನು ನನ್ನ ಭುಜದೊಳಗೇ ಕಿವಿಯಿಟ್ಟು ಕಾದೆ, ಈಗ ಬರುತ್ತದೆ, ಈಗ ಬರುತ್ತದೆ ಅಂತ. ಏನೂ ಬರಲಿಲ್ಲ. ಅಬ್ಬಾ, ಹೋದ ಜೀವ ಬಂದ ಹಾಗಾಯಿತು! ಬೋಲ್ಟು ತೆರೆದು ಕೋವಿಯನ್ನು ಹಲಗೆಯ ಮೇಲೆ ಇಟ್ಟೆ, ಕಣ್ಣಲ್ಲಿ ನೀರು ಧಾರಾಕಾರ.

ಅಪ್ಪ ನನ್ನ ಕಣ್ಣೀರು ನೋಡಿ ಹತ್ತಿರ ಬಂದರು. "ನೋವಾಯ್ತಾ?"

"ಇಲ್ಲ" ಅಂದೆ.

ಎರಡು ವರ್ಷದಿಂದ ಪ್ರತೀ ಕಾಗದದ ಕೊನೆಗೆ ಅವರು ಇದನ್ನೇ ಕೇಳಿದ್ದರು, ನಾನು ಇದನ್ನೇ ಬರೆದಿದ್ದೆ. ಅವರು ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ಒಂದು ಕಣ್ಣು ಸಣ್ಣ ಮಾಡಿ, ಬಹಳ ಹೊತ್ತು ನೋಡಿದರು. ಈ ಸಲ ಅದು ನಿಜವಾಗಿತ್ತು. ಅವರಿಗೂ ಕಂಡಿರಬೇಕು, "ಹ್ಞೂಂ" ಅಂದು ಕೈ ಬಿಟ್ಟರು.